ಮೂರನೇ ಸಾಲಿನಲ್ಲಿ ಕೂರುವವರು ಯಾರು?

ಹೊಸ ಕಾರು ನೋಡಲು ಹೋಗುವಾಗ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಬೇಡಿ ಅಂತ ತಿಳಿದವರು ಹೇಳುತ್ತಾರೆ. ನನ್ನ ಮಾತು ಉಲ್ಟಾ. ಎಲ್ಲರನ್ನೂ ಕರೆದುಕೊಂಡೇ ಹೋಗಿ. ಮೊಣಕಾಲು ನೋವಿನವರು ಇದ್ದರೆ ಅವರನ್ನೇ ಮೊದಲು ಹತ್ತಿಸಿ.

ಜಾಹೀರಾತಿನಲ್ಲಿ ಎಸ್‌ಯುವಿ ಯಾವಾಗಲೂ ಬೆಟ್ಟದ ತುದಿಯಲ್ಲೇ ನಿಂತಿರುತ್ತದೆ. ಒಳಗೆ ಒಬ್ಬನೇ ಒಬ್ಬ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಿಂದಿನ ಸೀಟಿನಿಂದ 'ನಿಧಾನ, ನಿಧಾನ' ಅನ್ನುವ ಅಮ್ಮ ಇಲ್ಲ. ಗಾಡಿಯೊಳಗೆ ಒಂದು ನೀರಿನ ಬಾಟಲಿಯೂ ಉರುಳಾಡುವುದಿಲ್ಲ. ನಮ್ಮದು ಹಾಗಲ್ಲ. ಶಾಲೆ, ಆಫೀಸು, ಆಸ್ಪತ್ರೆ, ಮತ್ತೆ ಶಾಲೆ. ನಡುವೆ ಮರೆತ ಟಿಫನ್ ಬಾಕ್ಸ್ ಕೊಟ್ಟು ಬರಲು ಇನ್ನೊಮ್ಮೆ ಶಾಲೆ. ಇಷ್ಟರಲ್ಲಿ ಬೆಟ್ಟ ಎಲ್ಲಿ ಬಂತು?

ನಾವು ನೋಡಲು ಹೋಗಿದ್ದು ಮಧ್ಯಮ ಗಾತ್ರದ, ಏಳು ಸೀಟಿನ ಗಾಡಿ. ಶೋರೂಮಿನ ಹುಡುಗ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, 200 ಮಿಲಿಮೀಟರ್ ಅಂತ ಮತ್ತೆ ಮತ್ತೆ ಹೇಳಿದ. ಜನ ತುಂಬಿಕೊಂಡರೆ ಸ್ಪ್ರಿಂಗ್ ಕೂತು ಅದು ಕಡಿಮೆಯಾಗುತ್ತೆ ಅನ್ನುವುದನ್ನು ಹೇಳಲಿಲ್ಲ, ಇರಲಿ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇದಕ್ಕೆ ಏಣಿ ಕೊಡ್ತೀರೋ, ನಾವೇ ತರಬೇಕೋ?"

ನ್ಯಾಯವಾದ ಪ್ರಶ್ನೆಯೇ. ವಯಸ್ಸಾದವರಿಗೆ ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಚೆನ್ನ. ಸುಮ್ನೆ ತಿರುಗಿ ಕೂತರೆ ಆಯ್ತು. ಅದಕ್ಕಿಂತ ಕೆಳಗಿದ್ದರೆ ಏಳುವುದು ಕಷ್ಟ, ಮೇಲಿದ್ದರೆ ಹತ್ತುವುದು ಕಷ್ಟ. ಅಮ್ಮ ಒಂದು ಕಾಲು ಒಳಗಿಟ್ಟು, ಮೇಲಿನ ಹಿಡಿಕೆ ಹಿಡಿದು, ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು ಎರಡನೇ ಸಾಲಿಗೆ ಹತ್ತಿದರು. ಕೂತರು. ಸೀರೆ ಸರಿಮಾಡಿಕೊಂಡರು. ಆಮೇಲೆ ಘೋಷಣೆ ಹೊರಡಿಸಿದರು: "ನಾನಿನ್ನು ಇಳಿಯೋದಿಲ್ಲ. ಏನು ನೋಡಬೇಕೋ ನೋಡಿಕೊಂಡು ಬನ್ನಿ."

ಇಷ್ಟು ಹೊತ್ತಿಗೆ ನನ್ನ ಭಾವಮೈದುನ ಮೂರನೇ ಸಾಲು ಸೇರಿದ್ದ. ಆರಡಿ ಆಳು. ಹೋಗುವಾಗ ತಲೆ ಮೊದಲು ಹೋಯಿತು, ಕಾಲು ಆಮೇಲೆ ಬಂತು. ಕೂತಾಗ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಇದು ಅವನ ತಪ್ಪಲ್ಲ. ಹಿಂದಿನ ಆಕ್ಸಲ್, ಸಸ್ಪೆನ್ಷನ್ನು ಎಲ್ಲ ಅಲ್ಲೇ ಕೆಳಗೆ ಇರುವುದರಿಂದ ನೆಲ ಮೇಲೆ ಬರುತ್ತದೆ. ಗಾಡಿ ಅಂದವಾಗಿ ಕಾಣಲಿ ಅಂತ ಚಾವಣಿ ಕೆಳಗೆ ಬರುತ್ತದೆ. ನಡುವೆ ಉಳಿದಷ್ಟು ಜಾಗಕ್ಕೆ ಸೀಟು ಅಂತ ಹೆಸರು. "ಹೇಗಿದೆ?" ಅಂದೆ. "ಕಿಟಕಿ ಇದೆ" ಅಂದ.

ಆಗ ಹೆಂಡತಿ ಮನೆಯಿಂದ ತಂದಿದ್ದ ಮಗುವಿನ ಸೀಟನ್ನು ಎತ್ತಿಕೊಂಡು ಬಂದಳು. ಇದೊಂದು ವಿಷಯದಲ್ಲಿ ಅವಳನ್ನು ಮೆಚ್ಚಲೇಬೇಕು. ಬ್ರೋಷರ್ ನಂಬುವ ಪೈಕಿಯಲ್ಲ, ಹಾಕಿ ನೋಡುವ ಪೈಕಿ. ಸೀಟಿನ ಬೆನ್ನು, ತಳ ಸೇರುವ ಸಂದಿಯಲ್ಲಿ ಎರಡು ಲೋಹದ ಕೊಂಡಿ ಇರುತ್ತವಲ್ಲ, ಅದೇ ಐಸೋಫಿಕ್ಸ್. ಐಎಸ್‌ಒ 13216 ಅಂತ 1999ರಲ್ಲಿ ಬಂದ ಮಾನದಂಡ. ಬೆಲ್ಟ್ ಎಳೆದು ಬಿಗಿಯುವ ಕುಸ್ತಿ ಇಲ್ಲದೆ ಮಗುವಿನ ಸೀಟು ಟಕ್ ಅಂತ ಕೂರುತ್ತದೆ. ಕೂತಿತು ಕೂಡ. ಗಟ್ಟಿಯಾಗಿ ಕೂತಿತು.

ಸಮಸ್ಯೆ ಶುರುವಾಗಿದ್ದು ಆಮೇಲೆ. ಮೂರನೇ ಸಾಲಿನಿಂದ ಹೊರಗೆ ಬರಬೇಕಾದರೆ ಎರಡನೇ ಸಾಲಿನ ಸೀಟು ಮಡಚಬೇಕು. ಎಡಗಡೆಯದ್ದು ಮಗುವಿನ ಸೀಟು ಹೊತ್ತಿದೆ, ಮಡಚುವ ಹಾಗಿಲ್ಲ. ಬಲಗಡೆಯದ್ದು ಅಮ್ಮನನ್ನು ಹೊತ್ತಿದೆ, ಇಳಿಯುವ ಹಾಗಿಲ್ಲ. ಭಾವಮೈದುನ ಹಿಂದೆ ಉಳಿದ. ಅವನಿಗೆ ಇದ್ದ ದಾರಿ ಒಂದೇ, ಡಿಕ್ಕಿ. ಅದರ ಹಿಡಿಕೆ ಒಳಗಿನಿಂದ ಕೈಗೆ ಸಿಗುವುದಿಲ್ಲ.

"ಸರ್, ಇದಕ್ಕೆ ಕಿಕ್ ಸೆನ್ಸರ್ ಇದೆ" ಅಂದ ಹುಡುಗ, ಸಂದರ್ಭವನ್ನು ಚೆನ್ನಾಗಿ ಬಳಸಿಕೊಂಡು. "ಎರಡೂ ಕೈಯಲ್ಲಿ ಸಾಮಾನು ಇದ್ದರೂ ಪರವಾಗಿಲ್ಲ. ಬಂಪರ್ ಕೆಳಗೆ ಕಾಲು ಆಡಿಸಿ, ತಾನಾಗಿಯೇ ತೆರೆಯುತ್ತೆ." ನಿಜವಾದ ಅನುಭವ ಬರಲಿ ಅಂತ ನನ್ನ ಎರಡೂ ಕೈಗೆ ಚೀಲ ಕೊಟ್ಟರು. ಒಂಟಿಕಾಲಲ್ಲಿ ನಿಂತು ಕಾಲು ಆಡಿಸಿದೆ. ಏನೂ ಆಗಲಿಲ್ಲ. ಇನ್ನೂ ಒಳಗೆ ಚಾಚಿದೆ. ಜೋರಾಗಿ ಆಡಿಸಿದೆ. ಗಾಜಿನ ಆಚೆ ಭಾವಮೈದುನನ ಮುಖ, ಈಚೆ ನನ್ನ ಕುಣಿತ. ಒಳಗಿನಿಂದ ಅಮ್ಮನ ದನಿ ಕೇಳಿತು: "ಯಾಕೋ ಗಾಡಿಗೆ ಒದೀತಿದ್ದೀಯ? ಅದು ಇನ್ನೂ ನಮ್ಮದಾಗಿಲ್ಲ!"

ಸೆನ್ಸರ್ ಕೆಲಸ ಮಾಡಬೇಕಾದರೆ ಕೀಲಿ ಕಾಲು ಆಡಿಸುವವನ ಜೇಬಿನಲ್ಲಿರಬೇಕಂತೆ. ಕೀಲಿ ಮುಂದಿನ ಕಪ್ ಹೋಲ್ಡರ್‌ನಲ್ಲಿ ಆರಾಮಾಗಿ ಮಲಗಿತ್ತು. ಹೆಂಡತಿ ಮುಂದೆ ಹೋಗಿ ಒಂದು ಬಟನ್ ಒತ್ತಿದಳು. ಬಾಗಿಲು ನಿಧಾನವಾಗಿ ಮೇಲೆದ್ದಿತು. ಭಾವಮೈದುನ ಸೀಟಿನ ಬೆನ್ನು ಹತ್ತಿ, ಡಿಕ್ಕಿಯಿಂದ ಹೊರಬಂದು ಸೊಂಟ ನೆಟ್ಟಗೆ ಮಾಡಿಕೊಂಡ.

ಆ ಡಿಕ್ಕಿಯ ಕಥೆಯೂ ಇದೆ. ಇಷ್ಟು ಲೀಟರ್ ಅಂತ ಬರೆದಿರುತ್ತಾರಲ್ಲ, ಅದನ್ನು ಅಳೆಯುವ ಒಂದು ವಿಧಾನ ಹೀಗೆ: 200 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ ತುಂಡುಗಳನ್ನು ಒಳಗೆ ಜೋಡಿಸುವುದು. ಒಂದು ತುಂಡು ಅಂದರೆ ಒಂದು ಲೀಟರ್. ಒಳ್ಳೆಯದೇ. ನಮ್ಮ ಮನೆಯಲ್ಲಿ ತುಂಡು ಸಾಗಿಸುವವರು ಯಾರೂ ಇಲ್ಲ. ಮಗುವಿನ ತಳ್ಳುಗಾಡಿ ಇದೆ. ಅದಕ್ಕೆ ನಾಲ್ಕು ಚಕ್ರ, ಎರಡು ಹಿಡಿಕೆ, ಮತ್ತು ತನ್ನದೇ ಆದ ಅಭಿಪ್ರಾಯ. ಮೂರನೇ ಸಾಲು ಎದ್ದು ನಿಂತಾಗ ಅದನ್ನು ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗೆ ಇಟ್ಟು ನೋಡಿದೆವು. ಬಾಗಿಲು ಮುಚ್ಚಲಿಲ್ಲ. ಅಂದರೆ ಜನ ಬರುವುದಾದರೆ ಸಾಮಾನು ಬರುವಂತಿಲ್ಲ, ಸಾಮಾನು ಬರುವುದಾದರೆ ಜನ ಬರುವಂತಿಲ್ಲ. ಏಳು ಸೀಟಿನ ಗಾಡಿಯ ಒಟ್ಟು ಲೆಕ್ಕ ಇಷ್ಟೇ.

ಟೆಸ್ಟ್ ಡ್ರೈವಿಗೆ ಮೊದಲು ಸ್ಟೀರಿಂಗ್ ಹಿಡಿದವನು ಭಾವಮೈದುನ. ಫೋರ್ ವೀಲ್ ಡ್ರೈವ್ ಇದ್ದರೆ ಸೇಫ್ಟಿ ಜಾಸ್ತಿ ಅಂತ ದಾರಿಯುದ್ದಕ್ಕೂ ಭಾಷಣ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರೆ ಜಾರುವ ಜಾಗದಲ್ಲಿ ಹೊರಡಲು ಅನುಕೂಲ, ನಿಜ. ನಿಲ್ಲಿಸುವುದಕ್ಕೆ ಅದರಿಂದ ಏನೂ ಲಾಭ ಇಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಇದನ್ನು ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವನು ತೀರ್ಪು ಕೊಟ್ಟ. "ಎಂಜಿನ್ನಿನಲ್ಲಿ ದಮ್ ಇಲ್ಲ ಭಾವ." ನಾವೆಲ್ಲ ಡಿಕ್ಕಿಯ ಹತ್ತಿರ ಹೆಣಗುತ್ತಿದ್ದಾಗ ಮಗಳು ಗುಂಡನೆಯ ನಾಬ್ ತಿರುಗಿಸಿ ಗಾಡಿಯನ್ನು 'ಹಿಮ' ಮೋಡಿಗೆ ಹಾಕಿದ್ದಳು. ಆ ಮೋಡಿನಲ್ಲಿ ಚಕ್ರ ಜಾರದಿರಲಿ ಅಂತ ಎಂಜಿನ್ನು ಬೇಕೆಂದೇ ಮೆತ್ತಗೆ ಓಡುತ್ತದೆ. ಸುಡುಬಿಸಿಲಿನಲ್ಲಿ ನಾವು ಮಂಜಿನ ಮೇಲೆ ಹುಷಾರಾಗಿ ಹೋಗುತ್ತಿದ್ದೆವು.

ಇದರ ಮಧ್ಯೆ ಏನೋ ಕುಂಯ್ ಕುಂಯ್ ಸದ್ದು. ಎಲ್ಲರೂ ಬೆಲ್ಟ್ ಹಾಕಿಕೊಂಡಿದ್ದೇವೆ, ಆದರೂ ನಿಲ್ಲುತ್ತಿಲ್ಲ. ಅಮ್ಮನ ಪಕ್ಕದ ಸೀಟಿನಲ್ಲಿದ್ದ ಕೈಚೀಲದ ಭಾರ ಗಾಡಿಗೆ ಮನುಷ್ಯರ ಭಾರ ಅನ್ನಿಸಿತ್ತು. ಅದರಲ್ಲಿ ಏನೇನು ಇರುತ್ತೆ ಅಂತ ನಾವು ಯಾರೂ ಕೇಳುವುದಿಲ್ಲ. ಚೀಲವನ್ನು ಕೆಳಗಿಡಲು ಅಮ್ಮ ಒಪ್ಪಲಿಲ್ಲ, ಅದಕ್ಕೂ ಬೆಲ್ಟ್ ಹಾಕಿದರು. 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಈ ಮೂರು ಕಡೆ ಹಿಡಿಯುವ ಬೆಲ್ಟ್ ತಂದಾಗ ಮನಸ್ಸಿನಲ್ಲಿದ್ದದ್ದು ಮನುಷ್ಯರು. ಪಾಪ, ಅವರಿಗೇನು ಗೊತ್ತು.

ಆಮೇಲೆ ಹೆಂಡತಿ ಓಡಿಸಿದಳು. ಅವಳು ಪಿಕಪ್ಪು ನೋಡಲಿಲ್ಲ, ಟಚ್ ಸ್ಕ್ರೀನು ಮುಟ್ಟಲಿಲ್ಲ. ಯು ಟರ್ನ್ ತೆಗೆದುಕೊಂಡಳು. ಮುಂದಿನ ಗಾಜಿನ ಪಕ್ಕದ ಕಂಬ ದಪ್ಪ ಇದೆ ಅಂದಳು. ಗಾಡಿ ಮಗುಚಿದರೆ ಚಾವಣಿ ಕುಸಿಯಬಾರದು, ಏರ್‌ಬ್ಯಾಗೂ ಇರಬೇಕು, ಅದಕ್ಕೇ ದಪ್ಪ. ಆದರೆ ತಿರುವಿನಲ್ಲಿ ಒಬ್ಬ ಮನುಷ್ಯ ಪೂರ್ತಿ ಅದರ ಹಿಂದೆ ಮರೆಯಾಗುತ್ತಾನೆ. ಮುಂದೆ ಬಾಗಿ, ಹಿಂದೆ ವಾಲಿ ನೋಡಬೇಕು. ಅಲ್ಲಿಂದ ಸೀದಾ ನಮ್ಮ ಪಾರ್ಕಿಂಗ್ ಜಾಗಕ್ಕೇ ತಂದಳು. ಜಾಗದ ಅಗಲ 2.5 ಮೀಟರ್, ಎರಡೂ ಕಡೆ ಕಂಬ. ಗಾಡಿ 1.9 ಮೀಟರ್, ಅದೂ ಕನ್ನಡಿ ಬಿಟ್ಟು. ಕ್ಯಾಮರಾ ನೋಡಿಕೊಂಡು ಒಂದೇ ಸಲಕ್ಕೆ ಚೆಂದವಾಗಿ ನಿಲ್ಲಿಸಿದಳು. ಗಾಡಿ ನಿಂತಿತು. ನಾವು ಒಳಗೇ ಉಳಿದೆವು. ಬಾಗಿಲು ತೆರೆಯಲು ಜಾಗ ಎಲ್ಲಿದೆ?

ವಾಪಸ್ ಬರುವಾಗ ಡೀಸೆಲ್ಲೋ ಪೆಟ್ರೋಲೋ ಅನ್ನುವ ಮಾತು ಬಂತು. ಈಗಿನ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. ಬರೀ ಶಾಲೆಗೆ, ಅಂಗಡಿಗೆ ಅಂತ ಚಿಕ್ಕ ಚಿಕ್ಕ ದೂರ ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ. "ಆಗ ಏನು ಮಾಡಬೇಕು?" ಅಂತ ಹೆಂಡತಿ ಕೇಳಿದಳು. "ಹೈವೇಯಲ್ಲಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಕರೆದುಕೊಂಡು ಹೋಗಬೇಕು ಮೇಡಂ" ಅಂದ ಹುಡುಗ. "ಅದು ದೀಪ ಹಚ್ಚಿ ಕೇಳಿದರೆ ಲಾಂಗ್ ಡ್ರೈವ್ ಸಿಗುತ್ತೆ. ನಾನು ಬಾಯಿಬಿಟ್ಟು ಕೇಳಿದರೂ ಇಲ್ಲ" ಅಂದಳು. ನಾನು ಕಿಟಕಿಯ ಆಚೆ ನೋಡಿದೆ.

ಕೊನೆಗೆ ಅವಳದ್ದೇ ತೀರ್ಮಾನ. ಇದಕ್ಕಿಂತ ಒಂದು ಗೇಣು ಚಿಕ್ಕದು, ಐದು ಸೀಟಿನದು, ಪೆಟ್ರೋಲಿನದು. "ಹಾಗಾದರೆ ನಾನು?" ಅಂದ ಅವಳ ತಮ್ಮ.

"ಬೈಕ್ ಇದೆಯಲ್ಲ."

"ಮಳೆ ಬಂದರೆ?"

"ಡಿಕ್ಕಿ ದೊಡ್ಡದಿದೆ. ಅದರ ದಾರಿ ನಿನಗೆ ಹೇಗೂ ಗೊತ್ತು."