ಗ್ರಾಮಸಭೆಯಲ್ಲಿ ಕೇಳಿದ್ದು ಯಾರನ್ನು, ಉತ್ತರಿಸಿದ್ದು ಯಾರು?

ರಾಜ್ಯಶಾಸ್ತ್ರದ ತರಗತಿಯಲ್ಲಿ ‘ಪ್ರಾತಿನಿಧ್ಯ’ ಅಂದರೆ ಈಗಲೂ ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ, ಮೀಸಲಾತಿಯ ಶೇಕಡಾವಾರು, ಒಂದು ಟಿಪ್ಪಣಿ. ಇದು ಮಕ್ಕಳಿಗೆ ಮಾಡುವ ಅನ್ಯಾಯ. 1987ರ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಯ ಹಿಂದಿನ ರೂಪ) ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟ ರಾಜ್ಯ ನಮ್ಮದು. ಇಲ್ಲಿ ಪದವಿ ಓದುವವರು ಒಂದಾದರೂ ಗ್ರಾಮಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕೂತಿರಬೇಕು.

ಹೋಗುವ ಮೊದಲು ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಓದಿಸಿ. ಗ್ರಾಮಸಭೆಗೆ ಸದಸ್ಯರ, ಅಂದರೆ ಅಲ್ಲಿನ ಮತದಾರರ, ಹತ್ತನೇ ಒಂದು ಭಾಗ ಅಥವಾ 100 ಜನ, ವಾರ್ಡ್‌ಸಭೆಗೆ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ಹಾಜರಿ ಪುಸ್ತಕವನ್ನಷ್ಟೇ ನಂಬಿದರೆ ಸಂಶೋಧನೆ ಇಲ್ಲೇ ಹಳ್ಳ ಹಿಡಿಯುತ್ತದೆ, ಏಕೆಂದರೆ ಸಹಿ ಆಮೇಲೂ ಸೇರಬಹುದು. ತಲೆ ಎಣಿಕೆ ಮೂರು ಸಲ ಆಗಲಿ: ಶುರುವಿಗೆ, ಮನೆ ಫಲಾನುಭವಿಗಳ ಪಟ್ಟಿ ಓದಿದ ಮೇಲೆ, ಕೊನೆಗೆ. ಪಟ್ಟಿ ಮುಗಿದ ಕೂಡಲೇ ಕುರ್ಚಿ ಖಾಲಿಯಾಗುವುದುಂಟು.

ಮೂವರ ತಂಡ ಸಾಕು. ಒಬ್ಬರು ಎಣಿಸಲಿ, ಒಬ್ಬರು ಪ್ರಶ್ನೆ ಬರೆಯಲಿ, ಒಬ್ಬರು ಉತ್ತರ. ಹೆಸರು ಬೇಡ. ಕೇಳಿದವರು ಹೆಂಗಸೋ ಗಂಡಸೋ, ಕೂತಿದ್ದು ಎಲ್ಲಿ, ಎಷ್ಟು ಹೊತ್ತು ಮಾತಾಡಿದರು, ಕೇಳಿದ್ದೇನು, ಉತ್ತರ ಕೊಟ್ಟವರು ಯಾರು. ಪ್ರಶ್ನೆ ಅಧ್ಯಕ್ಷೆಗೆ, ಉತ್ತರ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದ್ದೋ ಅಧ್ಯಕ್ಷೆಯ ಗಂಡನದ್ದೋ ಆದರೆ ಆ ಒಂದು ಸಾಲು ಬಹಳ ಹೇಳುತ್ತದೆ. ಜನರಂತೆ ಇರುವುದು ಬೇರೆ, ಜನರ ಪರವಾಗಿ ನಡೆದುಕೊಳ್ಳುವುದು ಬೇರೆ ಎಂದು ರಾಜಕೀಯ ಚಿಂತಕಿ ಹನ್ನಾ ಪಿಟ್ಕಿನ್ 1967ರಲ್ಲಿ ಬಿಡಿಸಿಟ್ಟದ್ದು ವಿದ್ಯಾರ್ಥಿಗೆ ಆಗ ಕಣ್ಣಿಗೇ ಕಾಣುತ್ತದೆ.

ಹಾಗಂತ ಅಧ್ಯಕ್ಷೆ ಸುಮ್ಮನಿದ್ದರು, ಆದ್ದರಿಂದ ಮೀಸಲಾತಿ ವ್ಯರ್ಥ ಎಂದು ಬರೆದರೆ ನಾನಂತೂ ಒಪ್ಪುವುದಿಲ್ಲ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರ 2004ರ ಅಧ್ಯಯನ ನೋಡಿ. ಯಾವ ಪಂಚಾಯಿತಿಗೆ ಮಹಿಳಾ ಮೀಸಲಾತಿ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿದ್ದರಿಂದಲೇ ಅವರ ಹೋಲಿಕೆ ಗಟ್ಟಿಯಾಗಿ ನಿಂತಿತು. ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಎರಡರಲ್ಲೂ ಮೀಸಲು ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಕೆಲಸ ಮಾಡಿದ್ದವು. ರಸ್ತೆ ಮಾತ್ರ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಡಿಮೆ. ಅಲ್ಲಲ್ಲಿನ ಹೆಂಗಸರು ಕೇಳಿದ್ದೂ ಹಾಗೆಯೇ. ‘ಹೆಂಗಸರಿಗೆ ನೀರು’ ಎಂದು ಮೊದಲೇ ಬರೆದುಕೊಂಡು ಹೋಗಿದ್ದರೆ ರಸ್ತೆಯ ವಿಷಯ ತಿಳಿಯುತ್ತಲೇ ಇರಲಿಲ್ಲ.

ಸಭೆಯ ನಂತರದ ಕೆಲಸವೇ ದೊಡ್ಡದು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಡಾವಳಿಯ ಪ್ರತಿ, ಕ್ರಿಯಾ ಯೋಜನೆಯ ಪ್ರತಿ ಪಡೆಯಿರಿ. ಉತ್ತರಕ್ಕೆ 30 ದಿನ ಗಡುವು. ಒಂದೊಂದು ಬೇಡಿಕೆಯನ್ನೂ ಹುಡುಕಿ: ನಡಾವಳಿಗೆ ಬಂತೇ, ಯೋಜನೆಗೆ ಸೇರಿತೇ, ಬಿಲ್ ಆಯಿತೇ. ಬೇಡಿಕೆ ಕಳೆದುಹೋಗುವುದು ಬರವಣಿಗೆಯಲ್ಲೇ. ‘ಅಂಗನವಾಡಿ ಬಾಗಿಲ ಮುಂದೆ ಚರಂಡಿ ಕಟ್ಟಿಕೊಂಡಿದೆ’ ಎಂದು ತಾಯಿಯೊಬ್ಬರು ಹೇಳಿದ್ದು ‘ಸ್ವಚ್ಛತೆ ಬಗ್ಗೆ ಚರ್ಚಿಸಲಾಯಿತು’ ಎಂದಾದರೆ, ಮುಂದಿನ ಸಭೆಯಲ್ಲಿ ಆಕೆ ಯಾವ ಸಾಲು ತೋರಿಸಿ ಕೇಳಬೇಕು?

ಒಂದು ಸೆಮಿಸ್ಟರ್ ಇದಕ್ಕೆ ಸಾಲದು. ಈ ಬ್ಯಾಚ್ ಬರೆದ ಬೇಡಿಕೆಗಳ ಪಟ್ಟಿಯನ್ನು ವಿಭಾಗದಲ್ಲೇ ಇಟ್ಟುಕೊಂಡು ಮುಂದಿನ ಬ್ಯಾಚನ್ನು ಅದೇ ಪಂಚಾಯಿತಿಗೆ ಕಳುಹಿಸಿ.