ಮೂರು ಸೊಳ್ಳೆಗಳ ರಾಜಯೋಗ

ಐಸ್‌ಲ್ಯಾಂಡಿಗೆ ಸೊಳ್ಳೆ ಬಂದ ಸುದ್ದಿ ನೀವೂ ಓದಿರುತ್ತೀರಿ. 2025ರ ಅಕ್ಟೋಬರ್. ಒಟ್ಟು ಮೂರು ಸೊಳ್ಳೆ. ಎರಡು ಹೆಣ್ಣು, ಒಂದು ಗಂಡು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ನಾನು ಅದನ್ನು ಓದಿದ್ದು ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಸೊಳ್ಳೆ ಬ್ಯಾಟು ಹಿಡಿದುಕೊಂಡು. ಓದಿ ಮುಗಿಸುವಷ್ಟರಲ್ಲಿ ಬ್ಯಾಟು ನಾಲ್ಕು ಸಲ ಚಟ್ ಅಂದಿತ್ತು. ಅಂದರೆ ಒಂದು ದೇಶದ ಅಷ್ಟೂ ಸೊಳ್ಳೆ, ಮೇಲೆ ಕೊಸರಿಗೆ ಒಂದು. ನನ್ನ ಹತ್ತಿರ ಯಾವ ಪತ್ರಕರ್ತನೂ ಬರಲಿಲ್ಲ.

ಆ ಮೂರಕ್ಕೆ ಸಿಕ್ಕ ಮರ್ಯಾದೆ ನೋಡಿ. ಯಾರೋ ಕೀಟಪ್ರಿಯರು ಪತಂಗ ಹಿಡಿಯಲು ಕೆಂಪು ವೈನಿನಲ್ಲಿ ಅದ್ದಿ ಕಟ್ಟಿದ್ದ ಪಟ್ಟಿ ಮೇಲೆ ಬಂದು ಕೂತವಂತೆ. ನಮ್ಮ ಸೊಳ್ಳೆಗಳು ಚರಂಡಿ ನೀರು ಕುಡಿದು ಬೆಳೆದವು, ವೈನಿನ ಯೋಗ ಎಲ್ಲಿಂದ ಬರಬೇಕು? ಆಮೇಲೆ ತಜ್ಞರು ಅವುಗಳ ಜಾತಿ, ಲಿಂಗ ಎಲ್ಲ ನೋಡಿ ಹೇಳಿದರು. ಅಲ್ಲಿಯವರೆಗೆ ಸೊಳ್ಳೆ ಇಲ್ಲದ ಜಾಗ ಅಂತ ಇದ್ದದ್ದು ಐಸ್‌ಲ್ಯಾಂಡ್ ಬಿಟ್ಟರೆ ಅಂಟಾರ್ಕ್ಟಿಕಾ ಮಾತ್ರ.

ಇದೇ ಐಸ್‌ಲ್ಯಾಂಡ್ ಅದೇ ವರ್ಷ ಮೇ ತಿಂಗಳಲ್ಲಿ ಇಡೀ ಕ್ಲಾಸಿಗೆ ಫಸ್ಟ್ ಬಂದಿತ್ತು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ, ಅಂದರೆ ಆಯಸ್ಸು, ಓದು, ಆದಾಯ ನೋಡಿ ಒಂದಕ್ಕೆ ಇಷ್ಟು ಅಂತ ಕೊಡುವ ಅಂಕ. 193 ದೇಶಗಳ ಪಟ್ಟಿ. ಐಸ್‌ಲ್ಯಾಂಡಿಗೆ 0.972. ಕೊನೆ ಬೆಂಚಿನ ದಕ್ಷಿಣ ಸುಡಾನಿಗೆ 0.388. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ 35ಕ್ಕೆ ಪಾಸು. ಹಾಗಾಗಿ ದಕ್ಷಿಣ ಸುಡಾನ್ ಕೂಡ ಪಾಸೇ! ಭಾರತಕ್ಕೆ 0.685. ಫಸ್ಟ್ ಕ್ಲಾಸು, 130ನೇ ರ್‍ಯಾಂಕು. ಹಿಂದಿನ ಸಲ 133 ಇತ್ತು ಅಂತ ಸಂಭ್ರಮಪಟ್ಟವರೂ ಇದ್ದಾರೆ. ಅಂದಹಾಗೆ 1990ರಲ್ಲಿ ಈ ಅಳತೆಗೋಲು ಮಾಡಿಕೊಟ್ಟಿದ್ದು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಕೈಜೋಡಿಸಿದ್ದು ಅವರ ಕೇಂಬ್ರಿಜ್ ಗೆಳೆಯ, ನಮ್ಮ ಅಮರ್ತ್ಯ ಸೇನ್. ಈ ಪಟ್ಟಿಯಲ್ಲಿ ಪಾಕಿಸ್ತಾನ 168ರಲ್ಲಿತ್ತು. ತಕ್ಕಡಿ ಮಾಡಿದವರ ಮನೆಯಲ್ಲೇ ತೂಕ ಕಡಿಮೆ.

ಐಸ್‌ಲ್ಯಾಂಡಿನಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು 82 ಚಿಲ್ಲರೆ. ದಕ್ಷಿಣ ಸುಡಾನಿನಲ್ಲಿ 57 ಚಿಲ್ಲರೆ. ಹಾಗಂತ ಅಲ್ಲಿಯವರೆಲ್ಲ 57 ಆಗುತ್ತಿದ್ದಂತೆ ಚೀಲ ಹೆಗಲಿಗೆ ಹಾಕಿ ಹೊರಡುತ್ತಾರೆ ಅಂತಲ್ಲ. ಐದು ವರ್ಷ ತುಂಬುವ ಮೊದಲೇ ಹೋಗಿಬಿಡುವ ಮಕ್ಕಳಿದ್ದಾರಲ್ಲ, ಸರಾಸರಿಯನ್ನು ಜಾಸ್ತಿ ಕೆಳಗೆ ಎಳೆಯುವುದು ಅವರು. ಅವರ ಪೈಕಿ ಎಷ್ಟೋ ಮಕ್ಕಳನ್ನು ಕಚ್ಚಿದ್ದು ಸೊಳ್ಳೆಯೇ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5.97 ಲಕ್ಷ. ನೂರಕ್ಕೆ 95 ಜನ ಆಫ್ರಿಕಾದವರು. ಆ ಸೊಳ್ಳೆಗಳ ಫೋಟೊ ಯಾರೂ ಹಾಕಲಿಲ್ಲ. ಅವು ಸ್ಥಳೀಯರು ನೋಡಿ, ಹೊಸಬರಲ್ಲ.

ಶಾಲೆಯ ವಿಷಯಕ್ಕೆ ಬನ್ನಿ. ಸೂಚ್ಯಂಕದಲ್ಲಿ ಓದಿಗೂ ಅಂಕ ಇದೆ. 2025ರ ಫೆಬ್ರವರಿಯಲ್ಲಿ ದಕ್ಷಿಣ ಸುಡಾನ್ ಬಿಸಿಲಿಗೆ ಹೆದರಿ ಎರಡು ವಾರ ಶಾಲೆ ಮುಚ್ಚಿತು. ರಾಜಧಾನಿ ಜುಬಾದಲ್ಲಿ ದಿನಕ್ಕೆ ಸರಾಸರಿ 12 ಮಕ್ಕಳು ಕುಸಿದು ಬೀಳುತ್ತಿದ್ದಾರೆ ಅಂತ ಅಲ್ಲಿನ ಶಿಕ್ಷಣ ಉಪಮಂತ್ರಿಯೇ ಹೇಳಿದರು. ಎಷ್ಟೋ ಶಾಲೆಗಳು ತಗಡಿನ ಶೆಡ್ಡು, ಫ್ಯಾನು ತಿರುಗಲು ಕರೆಂಟಿಲ್ಲ. ಅದೇ ವರ್ಷ ಐಸ್‌ಲ್ಯಾಂಡಿನಲ್ಲೂ ಮೇ ತಿಂಗಳ ಬಿಸಿಲಿನ ದಾಖಲೆ ಮುರಿಯಿತು. 26.6 ಡಿಗ್ರಿ. ನಮ್ಮಲ್ಲಾದರೆ ಸ್ವೆಟರ್ ಹುಡುಕುತ್ತಿದ್ದೆವು.

ಇನ್ನೊಂದು ಹುಳದ ಕತೆ ಹೇಳದೆ ಇರಲು ಆಗುತ್ತಿಲ್ಲ. ಆಫ್ರಿಕಾದಲ್ಲಿ ಟ್ಸೆಟ್ಸೆ ಅಂತ ಒಂದು ನೊಣ ಇದೆ. ಅದು ಕಚ್ಚಿದರೆ ನಿದ್ದೆ ರೋಗ ಬರಬಹುದು. ರೋಗ ಮಿದುಳಿಗೆ ಏರಿದರೆ ಹಗಲೆಲ್ಲ ತೂಕಡಿಕೆ, ಕೊನೆಗೆ ಸಾವು. ಅದಕ್ಕಿದ್ದ ಹಳೆಯ ಮದ್ದಿನಲ್ಲಿ ಪಾಷಾಣ ಇತ್ತು. ನೂರರಲ್ಲಿ ಐದು ಜನರನ್ನು ಮದ್ದೇ ಕೊಲ್ಲುತ್ತಿತ್ತು. ಎಫ್ಲಾರ್ನಿಥಿನ್ ಅಂತ ಒಳ್ಳೆಯ ಔಷಧ ಬಂತು. ಸಾಯುತ್ತಿದ್ದವರು ಎದ್ದು ಕೂತರು. ಆದರೆ ಎದ್ದು ಕೂತವರ ಜೇಬಿನಲ್ಲಿ ದುಡ್ಡಿರಲಿಲ್ಲ. 1990ರ ದಶಕದಲ್ಲಿ ಅದನ್ನು ತಯಾರಿಸುವುದೇ ನಿಂತುಹೋಯಿತು. ಅದೇ ಹೊತ್ತಿಗೆ ಅದೇ ಮದ್ದಿಗೆ ಇನ್ನೊಂದು ಗುಣ ಇದೆ ಅಂತ ಗೊತ್ತಾಯಿತು. ಮುಖದ ಮೇಲೆ ಹಚ್ಚಿದರೆ ಬೇಡದ ಕೂದಲು ಕಡಿಮೆ ಆಗುತ್ತದೆ! 2000ರಲ್ಲಿ ಅಮೆರಿಕದಲ್ಲಿ ಹೆಂಗಸರ ಕ್ರೀಮಾಗಿ ಅನುಮತಿ ಸಿಕ್ಕಿತು. ಗಡಿರಹಿತ ವೈದ್ಯರ ಸಂಸ್ಥೆಯವರು ಗಲಾಟೆ ಮಾಡಿದರು. 2001ರಲ್ಲಿ ನಿದ್ದೆ ರೋಗದ ಚುಚ್ಚುಮದ್ದು ಮತ್ತೆ ತಯಾರಾಯಿತು.

ಇದರಲ್ಲಿ ಕ್ರೀಮು ಹಚ್ಚಿಕೊಂಡ ಹೆಂಗಸರ ತಪ್ಪೇನೂ ಇಲ್ಲ. ಅವರ ತುಟಿ ಮೇಲಿನ ಕೂದಲಿಗೆ ಒಂದು ನಮಸ್ಕಾರ ಹಾಕಿ, ನಗಿಸಿ ಮುಂದೆ ಹೋಗೋಣ ಅಂತಲೇ ಶುರು ಮಾಡಿದ್ದೆ. ಆಗುತ್ತಿಲ್ಲ. ಮದ್ದು ಇತ್ತು. ಮಾಡುವುದು ಹೇಗೆ ಅಂತಲೂ ಗೊತ್ತಿತ್ತು. ಸುಮ್ನೆ ನಿಲ್ಲಿಸಿಬಿಟ್ಟರು. ಇಷ್ಟೇ.

ಶ್ರೀಮಂತ ದೇಶಗಳು ತಮ್ಮ ಆದಾಯದ ನೂರಕ್ಕೆ 0.7 ಭಾಗವನ್ನು ಬಡ ದೇಶಗಳಿಗೆ ಕೊಡಬೇಕು ಅಂತ ವಿಶ್ವಸಂಸ್ಥೆಯಲ್ಲಿ ಠರಾವು ಆದದ್ದು 1970ರಲ್ಲಿ. ನೂರು ರೂಪಾಯಿಗೆ ಎಪ್ಪತ್ತು ಪೈಸೆ. 2024ರಲ್ಲಿ ಆ ಗೆರೆ ಮುಟ್ಟಿದ ದೊಡ್ಡ ಮನಸ್ಸಿನವರು ನಾಲ್ಕೇ ದೇಶ: ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್. ಕ್ಲಾಸಿಗೆ ಫಸ್ಟ್ ಬಂದ ಹುಡುಗ ಅದರಲ್ಲಿ ಇಲ್ಲ. ಮರುವರ್ಷ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡುವ ತನ್ನ ಯುಎಸ್‌ಎಐಡಿ ಅಂಗಡಿಯನ್ನೇ ಮುಚ್ಚಿತು. ಮಲೇರಿಯಾ ಕೆಲಸಕ್ಕೆ ಅಲ್ಲಿಂದಲೂ ದುಡ್ಡು ಹೋಗುತ್ತಿತ್ತು. ಮದ್ದು ಸವರಿದ ಒಂದು ಸೊಳ್ಳೆ ಪರದೆಗೆ ಬೀಳುವುದು ಕೆಲವೇ ಡಾಲರ್.

ಐಸ್‌ಲ್ಯಾಂಡಿನ ತಜ್ಞರ ತಲೆನೋವೇ ಬೇರೆ. ಸೊಳ್ಳೆಗಳು ಅಲ್ಲಿನ ಚಳಿಗಾಲ ದಾಟಿ ಉಳಿದವಾ ಅಂತ ವಸಂತದಲ್ಲಿ ಹುಡುಕಿ ನೋಡಬೇಕು ಅಂದಿದ್ದರು. ಕೊಟ್ಟಿಗೆ, ನೆಲಮಾಳಿಗೆ ಹೊಕ್ಕು ಬೆಚ್ಚಗೆ ಕೂರುವ ಜಾಣ ಜಾತಿಯಂತೆ ಅದು. ಕಚ್ಚಿದರೆ ತುರಿಕೆ, ಅಲ್ಲಿ ಅದರಿಂದ ಕಾಯಿಲೆ ಭಯ ಇಲ್ಲವಂತೆ. ಸಾಹುಕಾರರ ಮನೆಗೆ ಬರುವ ಸೊಳ್ಳೆಯೂ ಸಂಭಾವಿತವೇ.

ನನ್ನ ಬ್ಯಾಟಿನ ಕೆಂಪು ದೀಪ ಆರಿದೆ. ಕಿವಿ ಹತ್ತಿರ ಒಂದು ಗುಂಯ್ ಅನ್ನುತ್ತಿದೆ. ಚಾರ್ಜಿಗೆ ಹಾಕೋಣ ಅಂದರೆ ಕರೆಂಟು ಹೋಯಿತು.