ಸ್ಟೆಂಟ್ ಎಷ್ಟು ಅಂತ ಕೇಳ್ತೀವಿ, ಸ್ನಾಯು ಎಷ್ಟು ಉಳಿದಿದೆ ಅಂತ ಕೇಳಲ್ಲ

ಊರಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆದರೆ ಫೋನಿನಲ್ಲಿ ಬರುವ ಸುದ್ದಿ ಹೆಚ್ಚುಕಮ್ಮಿ ಒಂದೇ: "ಮೂರು ಬ್ಲಾಕ್ ಇತ್ತಂತೆ, ಎರಡು ಸ್ಟೆಂಟ್ ಹಾಕಿದ್ರಂತೆ." ನಾನಿರುವ ಇಂಗ್ಲೆಂಡಿನಲ್ಲಿ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ. ಹೃದಯದ ಸ್ನಾಯು ಎಷ್ಟು ಸತ್ತಿದೆ, ಎಷ್ಟು ಉಳಿದಿದೆ? ಅದನ್ನು ತಿಳಿಯಲು ಇಲ್ಲಿ ಹೃದಯದ ಎಂಆರ್‌ಐ ಬರೆದುಕೊಡುವುದು ನಮ್ಮಲ್ಲಿಗಿಂತ ಜಾಸ್ತಿ.

ನಮ್ಮಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿ "ಇಎಫ್ ಇಷ್ಟು" (ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರತಳ್ಳುತ್ತದೆ ಅನ್ನುವ ಲೆಕ್ಕ) ಅಂದರೆ ಮುಗಿಯಿತು. ಹೃದಯದ ಗೋಡೆ ಸರಿಯಾಗಿ ಆಡುತ್ತಿಲ್ಲ ಅಂತ ಎಕೋ ಹೇಳುತ್ತದೆ. ಅದು ಸತ್ತೇಹೋಗಿದೆಯೋ, ಏಟು ತಿಂದು ಮಂಕಾಗಿದೆಯೋ ಅಂತ ಹೇಳುವುದು ಅದಕ್ಕೆ ಕಷ್ಟ. ಎಂಆರ್‌ಐನಲ್ಲಿ ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟು, ಸುಮಾರು 10 ನಿಮಿಷ ಕಾದು ಚಿತ್ರ ತೆಗೆಯುತ್ತಾರೆ. ಬದುಕಿರುವ ಜೀವಕೋಶದೊಳಗೆ ಆ ಮದ್ದು ನುಗ್ಗುವುದಿಲ್ಲ, ಬೇಗ ಹರಿದು ಹೋಗುತ್ತದೆ. ಸತ್ತ ಜಾಗದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಬದುಕಿದ್ದು ಕಪ್ಪಗೆ, ಸತ್ತಿದ್ದು ಬೆಳ್ಳಗೆ. ಆ ಬಿಳಿ ಪಟ್ಟಿ ಗೋಡೆಯ ದಪ್ಪದ ಕಾಲು ಭಾಗದೊಳಗಿದ್ದರೆ ಚೇತರಿಕೆಯ ಆಸೆ ಇಟ್ಟುಕೊಳ್ಳಬಹುದು. ಮುಕ್ಕಾಲು ದಾಟಿದರೆ ಬಹಳ ಕಮ್ಮಿ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅಂತಲ್ಲ. ತುರ್ತಿಲ್ಲದ ಸ್ಕ್ಯಾನಿಗೆ ವಾರಗಟ್ಟಲೆ ಕಾಯಬೇಕು. ಎದೆನೋವು ಬಂದ ಹೊತ್ತಿನಲ್ಲಂತೂ ಯಾರೂ ಎಂಆರ್‌ಐ ಕಡೆ ಓಡಬಾರದು. ಆಗ ಬೇಕಾಗಿದ್ದು ರಕ್ತನಾಳ ತೆರೆಯುವುದು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುವ ಹೃದಯ ಜ್ಯೋತಿ ಯೋಜನೆ ನನ್ನ ಲೆಕ್ಕದಲ್ಲಿ ಯಾವ ಸ್ಕ್ಯಾನಿಗಿಂತಲೂ ಮೊದಲು.

ಇನ್ನೊಂದು ವಿಷಯ. ಹೃದಯ ಬಹಳ ಸೋತಿದ್ದರೂ ಸ್ನಾಯು ಬದುಕಿದೆ ಅಂತ ಖಾತ್ರಿಯಾದ 700 ಜನರನ್ನು ಬ್ರಿಟನ್ನಿನ ರಿವೈವ್ಡ್ ಪ್ರಯೋಗದಲ್ಲಿ ಆರಿಸಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆಯ ಜೊತೆ ಸ್ಟೆಂಟೂ ಹಾಕಿದರು. 2022ರಲ್ಲಿ ಫಲಿತಾಂಶ ಬಂತು: ಸ್ಟೆಂಟ್ ಹಾಕಿದ್ದರಿಂದ ಸಾವು ಕಮ್ಮಿಯಾಗಲಿಲ್ಲ, ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದೂ ಕಮ್ಮಿಯಾಗಲಿಲ್ಲ. ಅಂದರೆ ಚಿತ್ರದಲ್ಲಿ ಕಪ್ಪು ಕಂಡಿತು ಅಂತ ಸುಮ್ನೆ ಸ್ಟೆಂಟಿಗೆ ಒಪ್ಪುವ ಹಾಗಿಲ್ಲ, ಅಲ್ವಾ? ಎಂಆರ್‌ಐ ಬರೆದುಕೊಟ್ಟರೆ "ಇದರಿಂದ ಟ್ರೀಟ್‌ಮೆಂಟ್ ಬದಲಾಗುತ್ತಾ ಡಾಕ್ಟ್ರೇ?" ಅಂತ ಕೇಳಿ. ಬ್ಲಾಕ್ ಎಣಿಸುವುದಕ್ಕಿಂತ ಅದು ಒಳ್ಳೆಯ ಪ್ರಶ್ನೆ.

"ಸ್ಟೆಂಟ್ ಇದ್ದರೆ ಎಂಆರ್‌ಐ ಮಾಡೋ ಹಾಗಿಲ್ಲ" ಅನ್ನೋದನ್ನು ನಂಬಬೇಡಿ, ಈಗಿನ ಸ್ಟೆಂಟಿಗೆ ಆ ತೊಂದರೆಯಿಲ್ಲ. ಹಳೇ ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೀರಾ ಸೋತಿದ್ದರೆ ಮೊದಲೇ ಹೇಳಿ. ಊರಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿ ಸ್ಕ್ಯಾನಿಗೆ ಕರೆದೊಯ್ಯುವವರು "ಬ್ರೀದ್ ಇನ್, ಬ್ರೀದ್ ಔಟ್, ಹೋಲ್ಡ್" ಅಂದರೆ ಏನು ಮಾಡಬೇಕು ಅಂತ ಮನೆಯಲ್ಲೇ ಅಭ್ಯಾಸ ಮಾಡಿಸಿ. ಉಸಿರು ತಪ್ಪಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ಮೊದಲಿಂದ ತೆಗೀಬೇಕು.